‘ಕೊನೆಯ ಹಂತ’ ಬೇಡ, ಸರಿ. ‘ಹರಡಿದ’ ಅನ್ನೋಣವೇ, ‘ಹಬ್ಬಿದ’ ಅನ್ನೋಣವೇ?

ಗೆಳೆಯರೇ,

ವೃಷಣದ ಕ್ಯಾನ್ಸರ್ ಬಗ್ಗೆ ರೋಗಿಗಳಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕ್ಯಾನ್ಸರ್ ಹುಟ್ಟಿದ ಜಾಗ ಬಿಟ್ಟು ಮೈಯ ಬೇರೆ ಕಡೆಗೂ ಹೋಗಿದೆ ಅನ್ನಲು ವೈದ್ಯರು ಬಳಸುವ ‘ಅಡ್ವಾನ್ಸ್ಡ್’ ಅನ್ನುವ ಪದದ ಹತ್ತಿರ ಎರಡು ದಿನದಿಂದ ನಿಂತುಬಿಟ್ಟಿದ್ದೇನೆ.

‘ಮುಂದುವರಿದ’ ಅಂದರೆ ಮುಂದುವರಿದ ದೇಶದ ಹಾಗೆ ಕೇಳಿಸುತ್ತದೆ. ಮಾತಿನಲ್ಲಿ ಎಲ್ಲರೂ ‘ಲಾಸ್ಟ್ ಸ್ಟೇಜ್’ ಅಂತಾರೆ, ಬರೆಯುವಾಗ ಅದು ‘ಕೊನೆಯ ಹಂತ’ ಆಗುತ್ತದೆ. ಈ ಕಾಯಿಲೆಯ ಮಟ್ಟಿಗೆ ಅದು ತಪ್ಪೇ ತಪ್ಪು. ಬೇರೆ ಹಲವು ಕ್ಯಾನ್ಸರ್‌ಗಳಿಗೆ ಇರುವ ನಾಲ್ಕನೇ ಹಂತವೇ ಇದಕ್ಕೆ ಇಲ್ಲ, ಲೆಕ್ಕ ಮೂರಕ್ಕೇ ನಿಲ್ಲುತ್ತದೆ. ಶ್ವಾಸಕೋಶಕ್ಕೆ ಹೋದ ಮೇಲೂ ಹೆಚ್ಚಿನವರು ಗುಣವಾಗುತ್ತಾರೆ. 1970ರ ದಶಕದಲ್ಲಿ ಅಮೆರಿಕದ ವೈದ್ಯ ಲಾರೆನ್ಸ್ ಐನ್‌ಹಾರ್ನ್ ಸಿಸ್‌ಪ್ಲಾಟಿನ್ ಜೊತೆ ಇನ್ನೆರಡು ಔಷಧ ಸೇರಿಸಿ ಕೊಟ್ಟರು, ಅಲ್ಲಿಂದ ಇದು ಸಾಧ್ಯವಾಯಿತು. ಈಗ ಸಾಮಾನ್ಯವಾಗಿ ಕೊಡುವುದು ಬ್ಲಿಯೋಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್. 21 ದಿನಕ್ಕೊಂದು ಸುತ್ತು, ಒಟ್ಟು ಮೂರೋ ನಾಲ್ಕೋ. ಹೀಗೆ ಬೇರೆ ಕಡೆಗೆ ಹೋದ ಕಾಯಿಲೆಯವರನ್ನು ಗುಣವಾಗುವ ಸಾಧ್ಯತೆಯ ಮೇಲೆ ಗುಂಪು ಮಾಡಿದ 1997ರ ಅಂತರರಾಷ್ಟ್ರೀಯ ವಿಂಗಡಣೆಯಲ್ಲೇ, ಹೆಚ್ಚು ಭರವಸೆಯ ಗುಂಪಿನ ನೂರಕ್ಕೆ ಸುಮಾರು 90 ಜನ ಐದು ವರ್ಷ ದಾಟಿದ್ದರು. ತೀರಾ ಕಷ್ಟದ ಗುಂಪಿನಲ್ಲೂ ಹತ್ತಿರಹತ್ತಿರ ಅರ್ಧ ಜನ. ಆಮೇಲೆ ಈ ಅಂಕಿ ಇನ್ನೂ ಮೇಲೇರಿದೆ.

ಈ ಕಾಯಿಲೆ ಜಾಸ್ತಿ ಬರುವುದು ಇಪ್ಪತ್ತು, ಮೂವತ್ತರ ವಯಸ್ಸಿನವರಿಗೆ. ‘ಕೊನೆಯ ಹಂತ’ ಅಂತ ಓದಿದ ಹುಡುಗ ಚಿಕಿತ್ಸೆಗೇ ಹೋಗದಿದ್ದರೆ? ನನಗೆ ಆ ಭಯ.

ಹಾಗಾಗಿ ‘ಹರಡಿದ’ ಅಂತ ಬರೆದೆ. ಆದರೆ ‘ಹರಡುವ ಕಾಯಿಲೆ’ ಅಂದರೆ ನಮ್ಮಲ್ಲಿ ಅಂಟುರೋಗ ಅಲ್ವಾ? ‘ಹಬ್ಬಿದ’ ಅಂದರೆ ಆ ಗೊಂದಲ ಕಡಿಮೆ, ಮೈಯೊಳಗೇ ಬೆಳೆದುಕೊಂಡು ಹೋದ ಅರ್ಥವೂ ಬರುತ್ತದೆ. ನಿಮ್ಮ ಕಿವಿಗೆ ಹೇಗನ್ನಿಸುತ್ತದೆ?

ಇನ್ನೊಂದು, ‘ಅಡ್ಡಪರಿಣಾಮ’. ವಾಂತಿ, ಕೂದಲು ಉದುರುವುದು, ಇವಕ್ಕೆ ಆ ಪದ ಸರಿ, ಚಿಕಿತ್ಸೆ ಮುಗಿದರೆ ಹೋಗುತ್ತವೆ. ಆದರೆ ಸಿಸ್‌ಪ್ಲಾಟಿನ್‌ನಿಂದ ಕಿವಿಯಲ್ಲಿ ಗುಂಯ್ ಅನ್ನುವುದು, ಎತ್ತರದ ಶ್ರುತಿಯ ದನಿ ಕೇಳಿಸದಿರುವುದು, ಬೆರಳ ತುದಿ ಮರಗಟ್ಟುವುದು ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಬ್ಲಿಯೋಮೈಸಿನ್ ಶ್ವಾಸಕೋಶಕ್ಕೆ ಗಾಯ ಮಾಡಬಹುದು. ಮಕ್ಕಳಾಗುವುದಕ್ಕೂ ತೊಂದರೆಯಾಗಬಹುದು, ಅದಕ್ಕೇ ಮೊದಲೇ ವೀರ್ಯ ತೆಗೆದಿಡಲು ಹೇಳುತ್ತಾರೆ. ಇವನ್ನು ‘ಉಳಿಕೆ ಪರಿಣಾಮ’ ಅಂತ ಬೇರೆಯಾಗಿ ಕರೆಯಬೇಕು ಅಂತ ನನಗನ್ನಿಸುತ್ತದೆ.

ಬೆರಳಿನದಕ್ಕೆ ‘ಜೋಮು’ ಅಂತ ಬರೆದಿದ್ದೆ, ಹೊಡೆದುಹಾಕಿದೆ. ಜೋಮು ಕಾಲು ಕೊಡವಿದರೆ ಬಿಡುತ್ತದೆ. ಇಲ್ಲಿ ಅಂಗಿಯ ಗುಂಡಿ ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ಅಂತ ಕಣ್ಣಲ್ಲಿ ನೋಡಿಯೇ ತಿಳಿಯಬೇಕು. ಇದಕ್ಕೆ ನಿಮ್ಮ ಕಡೆ ಏನಂತಾರೆ?