ಇಂಗ್ಲೆಂಡ್: ಚಾಕು ಕೊಲೆಗೆ ಕನಿಷ್ಠ 17 ವರ್ಷ. ಮೇಲ್ಮನವಿ ಹಾಕಬಹುದಾ?

ಪ್ರಶ್ನೆ:
ನಮ್ಮ ಅಕ್ಕನ ಮಗಳನ್ನು ಅವಳ ಗಂಡನೇ ಇರಿದು ಕೊಂದ. ಇಲ್ಲೇ, ಇಂಗ್ಲೆಂಡಿನಲ್ಲಿ. ಕಳೆದ ವಾರ ಅವನಿಗೆ ಜೀವಾವಧಿ ಶಿಕ್ಷೆ ಆಯಿತು. ಕನಿಷ್ಠ 17 ವರ್ಷ ಒಳಗಿರಬೇಕಂತೆ. ಬೇರೆ ಕಡೆಯಿಂದ ಚಾಕು ತಂದು ಕೊಂದವರಿಗೆ ಲೆಕ್ಕ ಶುರುವಾಗುವುದೇ 25 ವರ್ಷದಿಂದ ಅಂತಾರೆ. ಇವನು ಅಡುಗೆಮನೆ ಡ್ರಾಯರ್‌ನಿಂದ ಚಾಕು ತೆಗೆದು, ಮೆಟ್ಟಿಲು ಹತ್ತಿ, ಅವಳು ಮಲಗಿದ್ದ ಕೋಣೆಗೆ ಹೋಗಿದ್ದಾನೆ. ಅಷ್ಟು ಮೆಟ್ಟಿಲು ಹತ್ತುವಾಗ ಯೋಚಿಸಲು ಸಮಯ ಇರಲಿಲ್ವಾ? 'ಮನೆಯೊಳಗೆ ಕೊಂದರೆ ಕಮ್ಮಿನಾ?' ಅಂತ ಅಕ್ಕ ನನ್ನನ್ನೇ ಕೇಳ್ತಾಳೆ. ನಾವು ಮೇಲ್ಮನವಿ ಹಾಕಬಹುದಾ?

ಉತ್ತರ 1:
ಮೇಡಂ, ಕುಟುಂಬದವರು ನೇರವಾಗಿ ಹಾಕಲು ಆಗುವುದಿಲ್ಲ. ಆದರೆ 'ಶಿಕ್ಷೆ ತೀರಾ ಕಮ್ಮಿಯಾಯಿತು, ಪರಿಶೀಲಿಸಿ' ಎಂದು ಅಟಾರ್ನಿ ಜನರಲ್ ಕಚೇರಿಗೆ ಯಾರು ಬೇಕಾದರೂ ಬರೆಯಬಹುದು. ಫೀಸಿಲ್ಲ, ಲಾಯರ್ ಬೇಕಿಲ್ಲ. ಶಿಕ್ಷೆಯಾದ ದಿನದಿಂದ 28 ದಿನ ಗಡುವು. ಅಷ್ಟರೊಳಗೆ ಅವರು ಓದಿ, ಒಪ್ಪಿ, ಅಪೀಲು ಕೋರ್ಟಿಗೆ ಕಳಿಸಿಯೂ ಆಗಿರಬೇಕು. ಕೊನೇ ದಿನದವರೆಗೆ ಕಾಯಬೇಡಿ, ಇವತ್ತೇ ಬರೆಯಿರಿ.

ಉತ್ತರ 2:
ನಾನು ಇಲ್ಲಿನ ಕೋರ್ಟುಗಳಲ್ಲಿ ದುಭಾಷಿ. ಅಕ್ಕನಿಗೆ ಸುಳ್ಳು ಭರವಸೆ ಕೊಡಬೇಡಿ. 25 ವರ್ಷದ ನಿಯಮ ಇರುವುದು ಚಾಕುವನ್ನು ಸ್ಥಳಕ್ಕೆ ಒಯ್ದವರಿಗೆ. ಅದೇ ಮನೆಯ ಅಡುಗೆಮನೆಯಿಂದ ಇನ್ನೊಂದು ಕೋಣೆಗೆ ತಂದರೆ ಸಾಮಾನ್ಯವಾಗಿ ಅದು ಅನ್ವಯಿಸುವುದಿಲ್ಲ, 15ರಿಂದ ಶುರು. 2011ರಲ್ಲಿ ಅಪೀಲು ಕೋರ್ಟೇ ಹಾಗೆ ಹೇಳಿದೆ. ನನಗೂ ಇದು ಅನ್ಯಾಯ ಅನಿಸುತ್ತದೆ. ಹೆಂಗಸರು ಸಾಯುವುದು ಜಾಸ್ತಿ ಮನೆಯೊಳಗೇ ಅಲ್ವಾ? ಹಾಗಾಗಿ ಬರೀ ಚಾಕುವಿನ ಮೇಲೆ ವಾದ ಕಟ್ಟಬೇಡಿ. ಅವನು ಅವಳನ್ನು ಮೊದಲಿಂದ ಹಿಡಿತದಲ್ಲಿಟ್ಟು ಹಿಂಸಿಸುತ್ತಿದ್ದನಾ? ಅದು ಈಗ ಕಾನೂನಿನಲ್ಲೇ ಶಿಕ್ಷೆ ಹೆಚ್ಚಿಸುವ ಅಂಶ. ಅದಕ್ಕೆ ಜಡ್ಜ್ ಎಷ್ಟು ತೂಕ ಕೊಟ್ಟರು ಅಂತ ನೋಡಿ.

ಪ್ರಶ್ನೆ ಕೇಳಿದವರು:
ಅವನೂ ಅಪೀಲು ಹಾಕ್ತಾನಂತೆ. 17 ಇನ್ನೂ ಇಳಿಯುತ್ತದಾ?

ಉತ್ತರ 2:
ಹಾಕಬಹುದು, ಅವನಿಗೂ 28 ದಿನ. ಆದರೆ ಮೊದಲು ಒಬ್ಬ ಜಡ್ಜ್ ಅನುಮತಿ ಕೊಡಬೇಕು. ಶಿಕ್ಷೆ ಸ್ಪಷ್ಟವಾಗಿ ಅತಿಯಾಗಿದ್ದರೆ ಮಾತ್ರ ಇಳಿಸುತ್ತಾರೆ. ಇನ್ನೊಂದು ಮಾತು, ಈ 17ರಲ್ಲಿ ಅರ್ಧಕ್ಕೆ ಬಿಡುಗಡೆ ಅಂತ ಇಲ್ಲ. ವಿಚಾರಣೆಗೆ ಮುಂಚೆ ಒಳಗಿದ್ದ ದಿನಗಳನ್ನು ಕಳೆಯುತ್ತಾರೆ, ಅಷ್ಟೇ. ಆಮೇಲೂ ಪರೋಲ್ ಮಂಡಳಿ ಒಪ್ಪದೆ ಹೊರಗೆ ಬರುವಂತಿಲ್ಲ.

ಪ್ರಶ್ನೆ ಕೇಳಿದವರು:
ಅರ್ಜಿ ಈಗಷ್ಟೇ ಕಳಿಸಿದೆ. ಪೊಲೀಸರ ಕಡೆಯಿಂದ ನಮಗೆ ಕೊಟ್ಟಿರುವ ಫ್ಯಾಮಿಲಿ ಲಿಯೇಸನ್ ಅಧಿಕಾರಿಗೆ ಫೋನ್ ಮಾಡಿ, ಜಡ್ಜ್ ಹೇಳಿದ ಮಾತುಗಳ ಪ್ರತಿ ಕೇಳಿದ್ದೇನೆ. ಅವಳ ಫೋನು, ಬ್ಯಾಂಕ್ ಕಾರ್ಡು ಎಲ್ಲಾ ಅವನ ಕೈಯಲ್ಲೇ ಇರುತ್ತಿತ್ತು. ಅದರ ಬಗ್ಗೆ ಜಡ್ಜ್ ಏನು ಹೇಳಿದ್ದಾರೆ ನೋಡಬೇಕು.