ಬಾವಿಯಲ್ಲಿ ಎಣ್ಣೆ, ಕಲ್ಲಲ್ಲಿ ಎಣ್ಣೆ: ಭೂವಿಜ್ಞಾನಿ ಹತ್ರ ಕೇಳಿ

ಅಡ್ಮಿನ್: ನಮ್ಮ ಸಾರ್ ಇವತ್ತು ಸಂಜೆ ಆನ್‌ಲೈನ್ ಇದ್ದಾರೆ, ಎಣ್ಣೆ ಕೊರೆಯುವ ರಿಗ್ಗಲ್ಲಿ ಕಲ್ಲು ನೋಡ್ತಿದ್ದವರು, ಈಗ ರಿಟೈರ್ಡ್. ನಿನ್ನೆಯಿಂದ ಓಡ್ತಿರುವ ಫಾರ್ವರ್ಡ್ ಉಂಟಲ್ಲ, ಪೆಟ್ರೋಲ್ ಜೀವಿಗಳಿಂದ ಆದದ್ದಲ್ಲ, ಭೂಮಿಯ ಆಳದಲ್ಲಿ ತನ್ನಷ್ಟಕ್ಕೆ ಹುಟ್ತಾ ಇರ್ತದೆ, ರಾಕ್‌ಫೆಲ್ಲರ್ 1892ರಲ್ಲಿ 'ಫಾಸಿಲ್ ಫ್ಯುಯಲ್' (ಪಳೆಯುಳಿಕೆ ಇಂಧನ) ಅಂತ ಸುಳ್ಳು ಹೆಸರಿಟ್ಟ ಅಂತ, ಅದರ ಬಗ್ಗೆ ಕೇಳಿ.

ಕುವೈತ್ ಶೆಟ್ರು: 22 ವರ್ಷ ಅಲ್ಲಿ ದುಡಿದವ ನಾನು, ಎಷ್ಟು ತೆಗೆದ್ರೂ ಮುಗಿಯುವುದಿಲ್ಲ ಮಾರಾಯ್ರೆ. ಫಾರ್ವರ್ಡ್ ಸರಿಯೇ ಉಂಟು.

ಭೂವಿಜ್ಞಾನಿ: ಶೆಟ್ರೇ, ಆ ಪದ 1759ರಲ್ಲೇ ಅಚ್ಚಾಗಿದೆ. ರಾಕ್‌ಫೆಲ್ಲರ್ ಹುಟ್ಟಿದ್ದು 1839ರಲ್ಲಿ. ಹಾಗಂತ ಪ್ರಶ್ನೆ ಪೊಳ್ಳಲ್ಲ, ಮೂಲಧಾತುಗಳ ಕೋಷ್ಟಕ ಮಾಡಿದ ಮೆಂಡೆಲೀಫನಂಥವನೇ 1877ರಲ್ಲಿ ಹೇಳಿದ್ದ, ಆಳದಲ್ಲಿ ಕಬ್ಬಿಣದ ಕಾರ್ಬೈಡಿಗೆ ನೀರು ತಾಗಿ ಎಣ್ಣೆ ಆಗ್ತದೆ ಅಂತ. 1951ರಲ್ಲಿ ರಷ್ಯಾದ ಭೂವಿಜ್ಞಾನಿ ಕುದ್ರ್ಯಾವ್ತ್ಸೆವ್, ಜೀವಿ ಇಲ್ಲದೆ ಆಳದಲ್ಲಿ ಎಣ್ಣೆ ಆಗ್ತದೆ ಅನ್ನುವ ಮಾತನ್ನು ಪುನಃ ಎತ್ತಿದ. ಆದ್ರೆ ಸಾಕ್ಷಿ ಎಣ್ಣೆಯೊಳಗೇ ಕೂತಿತ್ತು. 1930ರ ದಶಕದಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಟ್ರೈಬ್ಸ್ ಕಚ್ಚಾ ಎಣ್ಣೆಯಲ್ಲಿ ಪೋರ್ಫಿರಿನ್ ಕಂಡ, ಅದು ಎಲೆಯ ಹಸಿರು ಅಳಿದ ಮೇಲೆ ಉಳಿದ ಎಲುಬು ಇದ್ದ ಹಾಗೆ. ಆಮೇಲೆ ಹೋಪೇನ್ ಸಿಕ್ಕಿತು, ಅದು ಬ್ಯಾಕ್ಟೀರಿಯಾದ ಪೊರೆಯದ್ದು. ಕಲ್ಲು ನೀರು ಕೂಡಿ ಇದನ್ನೆಲ್ಲ ಮಾಡುವುದಿಲ್ಲ.

ಕಾಲೇಜ್ ಹುಡುಗ: ಅಂದ್ರೆ ಡೈನೋಸಾರ್ ಅಲ್ವಾ ಸಾರ್?

ಭೂವಿಜ್ಞಾನಿ: ಅಲ್ಲ. ಪಾಚಿ, ಪ್ಲವಕ, ಅಂದ್ರೆ ನೀರಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳು.

ಬ್ರಹ್ಮಾವರದ ಅಕ್ಕ: ಸಾರ್ ನಮ್ಮ ಬಾವಿಯಲ್ಲಿ ಮೊದಲ ಮಳೆ ಬಂದು ನೀರು ಮೇಲೆ ಬಂದ ಮೇಲೆ ಬಣ್ಣ ಬಣ್ಣದ ಪದರ ಕಾಣ್ತಾ ಉಂಟು. ಈ ಫಾರ್ವರ್ಡ್ ನೋಡಿ ಇವರು ನಮ್ಮಲ್ಲೂ ಎಣ್ಣೆ ಉಕ್ಕಿತು ಅಂತ ಕೂತಿದ್ದಾರೆ.

ಪಾದೂರು: ನಮ್ಮ ಊರಿನ ಬಂಡೆಯೊಳಗೂ ಎಣ್ಣೆ ಉಂಟು!

ಭೂವಿಜ್ಞಾನಿ: ಪಾದೂರಿನ 25 ಲಕ್ಷ ಟನ್ ಜಾಗ, ಮಂಗಳೂರಿನ 15 ಲಕ್ಷ ಟನ್ ಜಾಗ, ಎರಡೂ ಬಂಡೆ ಕೊರೆದು ಮಾಡಿದ ಗುಹೆ. ಎಣ್ಣೆ ದೇಶದ ತುರ್ತಿಗೆ ಅಂತ ಹೊರಗಿಂದ ತಂದು ತುಂಬಿಸಿದ್ದು. ಅಕ್ಕ, ಒಂದು ಕೋಲಿನಿಂದ ಆ ಪದರವನ್ನು ಕಲಕಿ ನೋಡಿ. ಗಾಜಿನ ಚೂರಿನ ಹಾಗೆ ಒಡೆದ್ರೆ ಕಬ್ಬಿಣದ ಬ್ಯಾಕ್ಟೀರಿಯಾ, ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ) ಊರಲ್ಲಿ ಮಾಮೂಲು, ಹೆದರಬೇಡಿ.

ಕುವೈತ್ ಶೆಟ್ರು: ವಿಯೆಟ್ನಾಮಲ್ಲಿ ಗ್ರಾನೈಟಿನಿಂದಲೇ ಎಣ್ಣೆ ತೆಗೀತಾರೆ. ಅದಕ್ಕೆ ಎಂತ ಹೇಳ್ತೀರಿ?

ಮೇಷ್ಟ್ರು: ಶೆಟ್ರೇ, ಟ್ಯಾಂಕಿಯಲ್ಲಿ ನೀರುಂಟು ಅಂತ ಟ್ಯಾಂಕಿಯೇ ನೀರು ಹುಟ್ಟಿಸಿತು ಅಂತೀರಾ?

ಕುವೈತ್ ಶೆಟ್ರು: ನಿಮ್ಮತ್ರ ಕೇಳ್ಲಿಲ್ಲ. ರಿಗ್ ನೋಡಿದ್ದೀರಾ ನೀವು?

ಮೇಷ್ಟ್ರು: ನೀವು ನೋಡಿದ್ದು ಕ್ಯಾಂಟೀನು.

ಅಡ್ಮಿನ್: ಪರ್ಸನಲ್ ಬೇಡ.

ಹೆರ್ಗದವರು: ಸಾರ್ ನಮ್ಮ ಬೋರ್‌ವೆಲ್ ಪಾಯಿಂಟ್ ನೋಡಿ ಕೊಡ್ತೀರಾ?

ಬ್ರಹ್ಮಾವರದ ಅಕ್ಕ: ಕಲಕಿದೆ ಸಾರ್. ಒಡೆಯುವುದಿಲ್ಲ, ಸುತ್ತಿ ಸುತ್ತಿ ಪುನಃ ಕೂಡ್ತದೆ. ಕೊಡಪಾನ ಎತ್ತಿದ್ರೆ ಪೆಟ್ರೋಲ್ ವಾಸನೆ.

ಗುಡ್ ಮಾರ್ನಿಂಗ್ ಮಾವ: ಪಟಿಕ ಹಾಕಿ. ಇಲ್ಲದಿದ್ರೆ ಕರ್ಪೂರ ಹಚ್ಚಿ ಬಿಡಿ, ಎಣ್ಣೆ ಉರಿದು ನೀರು ಚೊಕ್ಕ ಆಗ್ತದೆ. ಫಾರ್ವರ್ಡ್ ಬಂದದ್ದು.

ಭೂವಿಜ್ಞಾನಿ: ಯಾರೂ ಬೆಂಕಿ ಹಚ್ಬೇಡಿ!! ಮಾವ, ಆ ಮೆಸೇಜ್ ಈಗಲೇ ಡಿಲೀಟ್ ಮಾಡಿ. ಅಕ್ಕ, ಸರಿಯಾಗಿ ಓದಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಬಾವಿಯೊಳಗೆ ಕೆಳಗೇ ಕೂತಿರ್ತದೆ. ನಮ್ಮಲ್ಲಿ ಬಾವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುವ ಕ್ರಮ ಉಂಟಲ್ಲ, ಅದು ಇಲ್ಲಿ ಮಾಡಿದ್ರೆ ಕತೆ ಮುಗೀತು. ಯಾರೂ ಇಳಿಯಬೇಡಿ, ಬಾವಿ ಹತ್ರ ಬೀಡಿ ಬೇಡ, ಪಂಪಿನ ಸ್ವಿಚ್ ಮುಟ್ಬೇಡಿ. ಆ ನೀರು ಕುಡೀಬೇಡಿ, ಸ್ನಾನಕ್ಕೂ ಬೇಡ. ಕುದಿಸಿದ್ರೆ ಆವಿ ನಿಮ್ಮ ಅಡಿಗೆಮನೆ ತುಂಬ. ಪೆಟ್ರೋಲಿನ ಬೆಂಜೀನ್ ನೀರಲ್ಲಿ ಕರಗ್ತದೆ, ಪಟಿಕಕ್ಕೆ ಕೂರುವುದಿಲ್ಲ, ಕ್ಯಾನ್ಸರ್ ತರುವಂಥದ್ದು. ಭೂಮಿಯಿಂದ ಉಕ್ಕಿದ್ದು ಅಂತ ಇವರಿಗೆ ಅನ್ನಿಸಿದ್ರೆ ಹೇಳಿ, ಭೂಮಿಯಿಂದ ಬರುವುದು ಕಚ್ಚಾ ಎಣ್ಣೆ, ಪೆಟ್ರೋಲ್ ಅಲ್ಲ, ಪೆಟ್ರೋಲ್ ಅಂದ್ರೆ ರಿಫೈನರಿಯಲ್ಲಿ ಕಾಯಿಸಿ ಬೇರೆ ಮಾಡಿದ್ದು. ಮುರಕಲ್ಲಿನ ಮೈಯೆಲ್ಲ ತೂತು, ಹತ್ತಿರದಲ್ಲಿ ಹೂತ ಟ್ಯಾಂಕಿ ಸೋರಿದ್ರೆ ಅದು ನೀರಿನ ಮೇಲೆ ತೇಲ್ತಾ ಬರ್ತದೆ, ಮಳೆಗೆ ನೀರು ಏರಿದಾಗ ಅದೂ ಏರ್ತದೆ. ಹತ್ರ ಬಂಕ್ ಉಂಟಾ?

ಬ್ರಹ್ಮಾವರದ ಅಕ್ಕ: ಉಂಟು. ಗದ್ದೆ ದಾಟಿದ್ರೆ.

ಭೂವಿಜ್ಞಾನಿ: ಅವರದ್ದೇ ಅಂತ ನಾನು ಹೇಳುವುದಿಲ್ಲ, ಲ್ಯಾಬ್ ಹೇಳ್ಲಿ. ಪಂಚಾಯತ್, ಮಾಲಿನ್ಯ ನಿಯಂತ್ರಣ ಮಂಡಳಿ, ಅಗ್ನಿಶಾಮಕ, ಮೂರಕ್ಕೂ ಈಗಲೇ ಫೋನ್ ಮಾಡಿ. ಹೋಪೇನ್ ಭಾರದ ಅಣು, ಕಚ್ಚಾ ಎಣ್ಣೆಯಲ್ಲಿ ಇರ್ತದೆ, ಪೆಟ್ರೋಲಿಗೆ ಬರುವುದಿಲ್ಲ. ಯಾವುದು ಅಂತ ಅಲ್ಲೇ ಗೊತ್ತಾಗ್ತದೆ.

ಕುವೈತ್ ಶೆಟ್ರು: ವಿಯೆಟ್ನಾಂ ಪ್ರಶ್ನೆಗೆ ಉತ್ತರ ಇಲ್ಲ. ಜಾರಿಕೊಂಡ್ರು.

ಭೂವಿಜ್ಞಾನಿ: ನೀವು ಹೇಳುವ ವಿಯೆಟ್ನಾಮಿನ ಎಣ್ಣೆ ಕ್ಷೇತ್ರ ಬಾಚ್ ಹೋ. ಮೇಲೆದ್ದ ಗ್ರಾನೈಟಿನ ಪಕ್ಕದಲ್ಲೇ ಹಳೇ ಕೆರೆಯ ಕೆಸರು ಗಟ್ಟಿಯಾದ ಶೇಲ್ ಉಂಟು, ಎಣ್ಣೆ ಅಲ್ಲಿಂದ ಬಿರುಕಿಗೆ ಸೇರಿದ್ದು. ಸ್ವೀಡನ್ನಿನ ಸಿಲ್ಯಾನಲ್ಲಿ ಎಣ್ಣೆ ಆಳದಲ್ಲೇ ಹುಟ್ತದೆ ಅಂತಿದ್ದ ಖಗೋಳ ವಿಜ್ಞಾನಿ ಥಾಮಸ್ ಗೋಲ್ಡ್ ಮಾತು ಕೇಳಿ 6 ಕಿಲೋಮೀಟರ್ ಮೀರಿ ಗ್ರಾನೈಟ್ ಕೊರೆದ್ರು, ವ್ಯಾಪಾರಕ್ಕೆ ಆಗುವಷ್ಟು ಸಿಗ್ಲಿಲ್ಲ.

ಮೇಷ್ಟ್ರು: ಶನಿಯ ಚಂದ್ರ ಟೈಟನ್ನಲ್ಲಿ ಮೀಥೇನ್ ಕೆರೆಯೇ ಉಂಟಲ್ಲ ಸಾರ್?

ಭೂವಿಜ್ಞಾನಿ: ಮೀಥೇನ್ ಜೀವ ಇಲ್ಲದೆಯೂ ಆಗ್ತದೆ, ಒಪ್ಪಿದೆ. ಮೀಥೇನ್ ಕಚ್ಚಾ ಎಣ್ಣೆ ಅಲ್ಲ.

ಕಾಲೇಜ್ ಹುಡುಗ2: ಸಾರ್ ಡೈನೋಸಾರ್‌ನಿಂದ ಅಂತಾರಲ್ಲ?

ಭೂವಿಜ್ಞಾನಿ: ಮೇಲೆ ಓದಿ.

ಗುಡ್ ಮಾರ್ನಿಂಗ್ ಮಾವ: ನಾನು ಒಳ್ಳೇದಕ್ಕೇ ಹೇಳಿದ್ದು. ಕಲಿತವರಿಗೆ ಅಹಂಕಾರ.

ಭೂವಿಜ್ಞಾನಿ: ಡಿಲೀಟ್ ಮಾಡಿದ್ರಾ ಇಲ್ವಾ?

ಕುವೈತ್ ಶೆಟ್ರು: ಹಾಗಾದ್ರೆ ಪೆಟ್ರೋಲ್ ಯಾವ ವರ್ಷ ಮುಗೀತದೆ, ಅದನ್ನ ಹೇಳಿ.

ಹೆರ್ಗದವರು: ಬೋರ್‌ವೆಲ್ ಪಾಯಿಂಟ್ ಸಾರ್?

ಬ್ರಹ್ಮಾವರದ ಅಕ್ಕ: ನಾಳೆ ಬೆಳಿಗ್ಗೆ ಬರ್ತಾರಂತೆ ಸಾರ್. ನೀರು ಹಿಡಿದಿಡ್ಲಿಕ್ಕೆ ಬಿಸ್ಲೇರಿ ಬಾಟ್ಲಿ ಆಗ್ತದಾ?

ಭೂವಿಜ್ಞಾನಿ: ಬೇಡ. ನೀವು ಪುನಃ ಬಾವಿಕಟ್ಟೆಗೆ ಹೋಗುವುದೇ ಬೇಡ, ಅವರೇ ತೆಗೀಲಿ. ಗಾಜಿನ ಬಾಟ್ಲಿ, ಬಾಯಿವರೆಗೆ ತುಂಬಿಸಿ, ಒಳಗೆ ಗಾಳಿ ಉಳಿಯದ ಹಾಗೆ ಮುಚ್ಚಿ, ಐಸಲ್ಲಿಟ್ಟು ತಕೊಂಡು ಹೋಗ್ತಾರಾ ನೋಡಿ. ಇಲ್ಲದಿದ್ರೆ ನಂಗೆ ಫೋನ್ ಮಾಡಿ.