ಲಸಿಕೆಯ ಪರೀಕ್ಷೆಗೆ ಇಲಿ ಸಾಲದೆ ಮಂಗ ಏಕೆ ಬೇಕಾಯಿತು?

ಪ್ರಶ್ನೆ
ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಕೋವ್ಯಾಕ್ಸಿನ್ ಲಸಿಕೆಯನ್ನು 20 ರೀಸಸ್ ಮಂಗಗಳ ಮೇಲೆ ಪರೀಕ್ಷಿಸಿದ್ದರೆಂದು ತರಗತಿಯಲ್ಲಿ ಹೇಳಿದಾಗ, ಪ್ರಯೋಗಾಲಯದಲ್ಲಿ ಬೇಕಾದಷ್ಟು ಇಲಿಗಳಿರುವಾಗ ಮಂಗಗಳನ್ನೇಕೆ ಹಿಂಸಿಸಬೇಕಿತ್ತು ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಮಂಗ ನಮಗೆ ಹತ್ತಿರದ ಪ್ರಾಣಿ ಎಂಬ ನನ್ನ ಉತ್ತರ ಅವಳಿಗೆ ಸಾಲಲಿಲ್ಲ, ನನಗೂ ಸಮಾಧಾನ ತರಲಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1
ಕೊರೊನಾ ವೈರಸ್ ಜೀವಕೋಶದೊಳಗೆ ನುಗ್ಗುವುದು ಎಸಿಇ2 ಎಂಬ ಪ್ರೋಟೀನಿಗೆ ಅಂಟಿಕೊಂಡು. ಸಾಮಾನ್ಯ ಇಲಿಯ ಎಸಿಇ2 ನಮ್ಮದಕ್ಕಿಂತ ತುಸು ಬೇರೆಯಾದ್ದರಿಂದ, 2020ರ ಮೂಲ ತಳಿಗೆ ಅಲ್ಲಿ ಹಿಡಿತ ಸಿಗುತ್ತಿರಲಿಲ್ಲ. ಸೋಂಕೇ ತಗುಲದ ಪ್ರಾಣಿಯನ್ನು ಲಸಿಕೆ ಕಾಪಾಡಿತೋ ಇಲ್ಲವೋ ಎಂದು ತಿಳಿಯುವುದಾದರೂ ಹೇಗೆ? ಮನುಷ್ಯರ ಎಸಿಇ2 ಜೀನ್ ಸೇರಿಸಿದ ಇಲಿಗಳನ್ನು, ಇದಕ್ಕೂ ಹಿಂದಿನ ಕೊರೊನಾ ಕಾಯಿಲೆಯಾದ ಸಾರ್ಸ್‌ನ ಅಧ್ಯಯನಕ್ಕಾಗಿ ಅಮೆರಿಕದ ಅಯೋವಾದಲ್ಲಿ ಮೊದಲೇ ರೂಪಿಸಿದ್ದರು. ಆದರೆ ಅವುಗಳಲ್ಲಿ ವೈರಸ್ ಮಿದುಳಿಗೂ ಹರಡುವುದರಿಂದ ಕಾಯಿಲೆಯ ಸ್ವರೂಪವೇ ಬದಲಾಗುತ್ತದೆ.

ಇಲಿಯಂಥದೇ ಪುಟ್ಟ ಪ್ರಾಣಿಯಾದ ಸಿರಿಯನ್ ಹ್ಯಾಮ್‌ಸ್ಟರ್‌ಗಾದರೋ ಯಾವ ಮಾರ್ಪಾಡೂ ಇಲ್ಲದೆ ಸೋಂಕು ತಗುಲುತ್ತದೆ. ನಾನು ಕೆಲಸ ಮಾಡಿದ ಪ್ರಯೋಗಾಲಯದಲ್ಲಿ ಬೆಳಿಗ್ಗೆ ಒಂದೊಂದನ್ನೂ ಡಬ್ಬಿಯಲ್ಲಿ ಕೂರಿಸಿ ತೂಗುವುದೇ ಮೊದಲ ಕೆಲಸವಾಗಿತ್ತು. ಸೋಂಕಿತ ಹ್ಯಾಮ್‌ಸ್ಟರ್ ರೋಮ ನಿಮಿರಿಸಿಕೊಂಡು ಮೂಲೆಯಲ್ಲಿ ಮುದುಡಿ ಕೂರುತ್ತದೆ, ಒಂದು ವಾರದಲ್ಲಿ ಸುಮಾರು ಶೇ 10ರಷ್ಟು ತೂಕ ಕಳೆದುಕೊಳ್ಳುತ್ತದೆ, ಎರಡನೆಯ ವಾರದಲ್ಲಿ ಚೇತರಿಸಿಕೊಳ್ಳುತ್ತದೆ.

ಉತ್ತರ 2
ಮಂಗಗಳ ಬಗ್ಗೆ ನಾನು ಹೇಳುತ್ತೇನೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಆ 20 ಮಂಗಗಳನ್ನು ಐದೈದರ ನಾಲ್ಕು ಗುಂಪು ಮಾಡಿ, ಮೂರು ಗುಂಪುಗಳಿಗೆ ಲಸಿಕೆಯ ಮೂರು ಬಗೆಗಳನ್ನು ಕೊಟ್ಟು, ಒಂದಕ್ಕೆ ಲಸಿಕೆ ಕೊಡದೆ, ಬಳಿಕ ಎಲ್ಲಕ್ಕೂ ವೈರಸ್ ನೀಡಿದರು. ಲಸಿಕೆಯಿಲ್ಲದ ಗುಂಪಿನಲ್ಲಿ ನ್ಯುಮೋನಿಯಾ ಕಂಡಿತು, ಉಳಿದವುಗಳಲ್ಲಿ ಕಾಣಲಿಲ್ಲ.

ಇದಕ್ಕಿಂತ ಹೆಚ್ಚು ಕಲಿಸಿದ್ದು ಆಕ್ಸ್‌ಫರ್ಡ್ ಲಸಿಕೆಯ ಪ್ರಯೋಗವೆಂದು ನನ್ನ ಅನಿಸಿಕೆ. ಅಲ್ಲಿ ಮಂಗಗಳ ಶ್ವಾಸಕೋಶ ಉಳಿಯಿತು, ಮೂಗಿನಲ್ಲಿ ಮಾತ್ರ ವೈರಸ್ ಕಡಿಮೆಯಾಗಲಿಲ್ಲ. ಲಸಿಕೆ ಪಡೆದವರಿಂದಲೂ ಸೋಂಕು ಹರಡಬಹುದೆಂಬ ಸುಳಿವು 2020ರ ಮೇ ತಿಂಗಳಲ್ಲೇ ಹೀಗೆ ದೊರೆತಿತ್ತು. ಔಷಧಗಳಲ್ಲೂ ಅಷ್ಟೇ: ಪ್ರಯೋಗಾಲಯದಲ್ಲಿ ಬೆಳೆಸುವ ವೆರೋ ಕೋಶಗಳಲ್ಲಿ (ಇವು ಮೂಲತಃ ಮಂಗದ ಮೂತ್ರಪಿಂಡದ ಕೋಶಗಳು) ವೈರಸ್ಸನ್ನು ತಡೆದ ಹೈಡ್ರಾಕ್ಸಿಕ್ಲೋರೊಕ್ವಿನ್, ಮಂಗಗಳಿಗೆ ಕೊಟ್ಟಾಗ ಉಪಯೋಗಕ್ಕೆ ಬರಲಿಲ್ಲ.

ಉತ್ತರ 3
ಮೇಲಿನವರ ಮಾತನ್ನು ಒಪ್ಪುತ್ತಲೇ ಒಂದು ಮಿತಿಯನ್ನು ಸೇರಿಸುತ್ತೇನೆ. ರೀಸಸ್ ಮಂಗಗಳಿಗೆ ಬರುವುದು ಸಾಮಾನ್ಯವಾಗಿ ಸೌಮ್ಯ ಕಾಯಿಲೆ. ಸಕ್ಕರೆ ಕಾಯಿಲೆಯ ವೃದ್ಧರೊಬ್ಬರು ಐಸಿಯು ಸೇರುವ ಸ್ಥಿತಿಯನ್ನು ಅವು ತೋರಿಸಲಾರವು. ಮನುಷ್ಯ ಕೋಶಗಳಿಂದ ಬೆಳೆಸಿದ ಅಂಗಾಂಶಗಳಂತಹ ಪರ್ಯಾಯ ವಿಧಾನಗಳಿಗೆ ಭಾರತದ ಔಷಧ ನಿಯಮಗಳು 2023ರಲ್ಲಿ ಅವಕಾಶ ಕೊಟ್ಟಿರುವುದು ನನಗೆ ನಿಜವಾಗಿಯೂ ಸಂತೋಷ ತಂದಿದೆ. ಶ್ವಾಸಕೋಶದ ತುಣುಕುಗಳನ್ನು ಸೂಕ್ಷ್ಮದರ್ಶಕದಡಿ ಪೂರ್ಣವಾಗಿ ಪರೀಕ್ಷಿಸಬೇಕಾದಾಗ ಪ್ರಾಣಿಯನ್ನು ಕೊಲ್ಲುತ್ತಾರೆ ಎಂಬುದನ್ನೂ ತಮ್ಮ ವಿದ್ಯಾರ್ಥಿನಿಗೆ ಮುಚ್ಚಿಡದೆ ಹೇಳಿ. ಅವಳು ಕೇಳಿದ್ದು ಅದನ್ನೇ.